ಪುಷ್ಪಕದ ಬೆಲೆ

ನಮ್ಮ ಪುರಾಣಗಳಲ್ಲಿ ಬರುವ ವಿಮಾನಗಳ ಪೈಕಿ ಪುಷ್ಪಕಕ್ಕಿರುವ ಪ್ರಸಿದ್ಧಿ ಮತ್ತಾವುದಕ್ಕೂ ಇಲ್ಲ. ಅದನ್ನು ರಾವಣನ ವಿಮಾನವೆಂದು ಕೆಲವರೂ ರಾಮನ ವಿಮಾನವೆಂದು ಕೆಲವರೂ ನೆನೆಯುತ್ತಾರೆ. ವಾಸ್ತವವಾಗಿ ಅದರ ಮೊದಲ ಒಡೆಯ ಇವರಿಬ್ಬರೂ ಅಲ್ಲ; ಧನಾಧಿಪತಿಯಾದ ಕುಬೇರ. ರಾವಣ ಅದನ್ನು ಬಲಾತ್ಕಾರದಿಂದ ಕಿತ್ತುಕೊಂಡ. ರಾಮ ಅಯೋಧ್ಯೆಯನ್ನು ಸೇರಿದೊಡನೆ ಅದನ್ನು ಕುಬೇರನ ಬಳಿಗೇ ಹಿಂದಿರುಗಿಸಿದ. ಸ್ವಂತ ವಿಮಾನವೆಂಬುದು ಕುಬೇರನ ಮನೆಯ ಸೊತ್ತು ಎಂಬ ಮಾತನ್ನು ಆದಿಕವಿಯೇ ಸೂಚಿಸಿಬಿಟ್ಟಂತಾಯಿತು. ನಮ್ಮ ಜೈನ ರಾಮಾಯಣಗಳ ಹಾದಿ ಬೇರೆ. ನಾಗಚಂದ್ರನ ಕಾವ್ಯದಲ್ಲಿ ರಾವಣನು ವಿದ್ಯಾಧರ ಚಕ್ರವರ್ತಿ. ಆ ಕುಲದವರು ಗಗನದಲ್ಲಿ ಸಂಚರಿಸುವುದು ತಾವು ಸಾಧಿಸಿಕೊಂಡ ವಿದ್ಯೆಯ ಬಲದಿಂದ. ಹಾಗಾದರೆ ಮನುಷ್ಯನು ಹಾರಲು ಬೇಕಾದುದು ಧನವೋ, ವಿದ್ಯೆಯೋ?

ಈ ಪ್ರಶ್ನೆ ಕೇವಲ ಕಾವ್ಯಮೀಮಾಂಸೆಯದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಳೆದ ಎರಡು ದಶಕಗಳಿಂದ ಇದೇ ಪ್ರಶ್ನೆಯನ್ನು ಕಾನೂನಿನ ಮೂಲಕ ಬಗೆಹರಿಸುವ ಪ್ರಯತ್ನ ನಡೆದಿದೆ. ಆ ಕಥೆ ನಮ್ಮಂಥ ಸಂಬಳದ ಜನಕ್ಕೂ ಬೋಧಪ್ರದವಾದುದು. ವಿಮಾನವನ್ನು ಕೊಳ್ಳುವ ಯೋಗ ನಮಗಿಲ್ಲದಿರಬಹುದು. ಬೆಲೆ ಕೇಳಿ ಹಿಂದಿರುಗಿದ ಅನುಭವ ಯಾರಿಗಿಲ್ಲ?

೨೦೦೪ರ ಸೆಪ್ಟೆಂಬರ್ ೧ರಂದು ಆ ದೇಶದಲ್ಲಿ ಒಂದು ಹೊಸ ನಿಯಮ ಜಾರಿಗೆ ಬಂದಿತು. ಅದು ‘ಲೈಟ್ ಸ್ಪೋರ್ಟ್ ಏರ್‌ಕ್ರಾಫ್ಟ್’, ಎಂದರೆ ವಿಹಾರಕ್ಕಾಗಿ ಹಾರಿಸುವ ಹಗುರ ವಿಮಾನ, ಎಂಬ ಹೊಸದೊಂದು ವರ್ಗವನ್ನು ಸೃಷ್ಟಿಸಿತು. ಆ ವರ್ಗಕ್ಕೆ ಸೇರುವ ವಿಮಾನದ ಒಟ್ಟು ತೂಕ ೬೦೦ ಕಿಲೋಗ್ರಾಮನ್ನು ಮೀರಕೂಡದು. ನೀರಿನಿಂದ ಮೇಲೇಳುವುದಾದರೆ ೬೫೦. ಆಸನಗಳು ಎರಡೇ. ಎಂಜಿನ್ ಒಂದೇ. ವೇಗ ೧೨೦ ನಾಟ್‌ಗಳಿಗೆ, ಎಂದರೆ ಗಂಟೆಗೆ ಸುಮಾರು ೨೨೦ ಕಿಲೋಮೀಟರಿಗೆ, ಸೀಮಿತ. ಇಷ್ಟು ಕಟ್ಟುಪಾಡಿಗೆ ಒಪ್ಪಿದ ತಯಾರಕನಿಗೆ ಸರ್ಕಾರ ಒಂದು ದೊಡ್ಡ ರಿಯಾಯಿತಿಯನ್ನು ತೋರಿತು. ವರ್ಷಗಟ್ಟಲೆ ಹಿಡಿಯುವ, ಕೋಟಿಗಟ್ಟಲೆ ನುಂಗುವ ಸರ್ಕಾರಿ ಪರೀಕ್ಷೆಯ ಬದಲು, ಉದ್ಯಮದವರೆಲ್ಲ ಕೂಡಿ ಒಪ್ಪಿದ ಮಾನದಂಡಗಳಿಗೆ ತನ್ನ ವಿಮಾನ ಅನುಗುಣವಾಗಿದೆಯೆಂದು ಅವನೇ ಪ್ರಮಾಣೀಕರಿಸಿದರೆ ಸಾಕು. ಕಲಿಯುವವನಿಗೂ ರಿಯಾಯಿತಿ. ಖಾಸಗಿ ಚಾಲಕನ ಪರವಾನಗಿಗೆ ಕನಿಷ್ಠ ೪೦ ಗಂಟೆಗಳ ಹಾರಾಟ ಬೇಕಾಗಿದ್ದಲ್ಲಿ, ಈ ಹಗುರ ವಿಮಾನದ ಪರವಾನಗಿಗೆ ೨೦ ಗಂಟೆ. ವೈದ್ಯರ ಪ್ರಮಾಣಪತ್ರದ ಬದಲಿಗೆ ಮೋಟಾರು ಕಾರಿನ ಲೈಸೆನ್ಸೇ ಸಾಕು.

ಹೀಗೆ ವಿದ್ಯೆಯ ಬಾಗಿಲನ್ನು ಸರ್ಕಾರ ಅಗಲವಾಗಿ ತೆರೆಯಿತು. ಧನದ ಬಾಗಿಲೂ ತಾನಾಗಿ ತೆರೆದೀತು ಎಂಬುದು ಎಲ್ಲರ ನಿರೀಕ್ಷೆ. ಶಾಲೆಯ ಉಪಾಧ್ಯಾಯ, ಅಂಚೆಕಚೇರಿಯ ನೌಕರ, ಸಣ್ಣ ಅಂಗಡಿಯವ, ಇಂಥವರೂ ಭಾನುವಾರದ ಬೆಳಿಗ್ಗೆ ತಮ್ಮದೇ ವಿಮಾನದಲ್ಲಿ ಒಂದು ಸುತ್ತು ಹಾರಿ ಬರುವ ಕಾಲ ಸಮೀಪಿಸಿತೆಂದು ಅನೇಕರು ನಂಬಿದರು.

ಈ ನಂಬಿಕೆಗೆ ಬಲ ಕೊಟ್ಟದ್ದು ಸೆಸ್ನಾ ಸಂಸ್ಥೆ. ಅಮೆರಿಕದ ಎಷ್ಟೋ ಮಂದಿ ಚಾಲಕರು ಮೊದಲ ಪಾಠ ಕಲಿತದ್ದೇ ಈ ಸಂಸ್ಥೆಯ ವಿಮಾನಗಳಲ್ಲಿ. ೨೦೦೭ರಲ್ಲಿ ಅದು ‘ಸ್ಕೈಕ್ಯಾಚರ್’ ಎಂಬ ಎರಡು ಆಸನಗಳ ಹಗುರ ವಿಮಾನವನ್ನು ಪ್ರಕಟಿಸಿತು. ಬೆಲೆ ೧,೦೯,೫೦೦ ಡಾಲರು. ಗಿರಾಕಿಗಳು ಮುಗಿಬಿದ್ದು ಸಾವಿರಕ್ಕೂ ಮಿಕ್ಕಿ ಹೆಸರು ನೋಂದಾಯಿಸಿದರು. ಖರ್ಚನ್ನು ತಗ್ಗಿಸಲೆಂದು ತಯಾರಿಕೆಯನ್ನು ಚೀನದ ಷೆನ್‌ಯಾಂಗ್ ಕಾರ್ಖಾನೆಗೆ ಒಪ್ಪಿಸಲಾಯಿತು. ಆಮೇಲೆ ನಡೆದುದು ವಿಷಾದದ ಕಥೆ. ಪರೀಕ್ಷೆಯ ಹಾರಾಟಗಳಲ್ಲಿ ಎರಡು ವಿಮಾನಗಳು ಸುರುಳಿ ಸುತ್ತಿ ನೆಲಕ್ಕೆ ಬಿದ್ದವು, ವಿನ್ಯಾಸವನ್ನು ತಿದ್ದಬೇಕಾಯಿತು. ತೂಕದ ಮಿತಿ ಬಿಗಿಯಾಗಿದ್ದುದರಿಂದ, ಪೆಟ್ರೋಲನ್ನು ಪೂರ್ತಿ ತುಂಬಿದ ಮೇಲೆ ಇಬ್ಬರು ಮನುಷ್ಯರಿಗೂ ಅವರ ಗಂಟುಮೂಟೆಗೂ ಸೇರಿ ಉಳಿಯುತ್ತಿದ್ದುದು ೧೬೦ ಕಿಲೋಗ್ರಾಮಿಗಿಂತ ಕಡಿಮೆ. ೨೦೧೧ರ ಕೊನೆಗೆ ಬೆಲೆ ಒಮ್ಮೆಗೇ ೧,೪೯,೯೦೦ ಡಾಲರಿಗೆ ನೆಗೆಯಿತು. ನೋಂದಾಯಿಸಿದವರು ಹಿಂದೆಗೆದರು. ೨೦೧೩ರಲ್ಲಿ ಸಂಸ್ಥೆ ಕೈಚೆಲ್ಲಿತು. ಮಾರಾಟವಾದುವು ಇನ್ನೂರಕ್ಕೂ ಕಡಿಮೆ. ಕೊಳ್ಳುವವರಿಲ್ಲದೆ ಉಳಿದ ಸುಮಾರು ೮೦ ವಿಮಾನಗಳನ್ನು, ಬಿಡಿಭಾಗಗಳನ್ನು ಬಿಚ್ಚಿಕೊಂಡು, ೨೦೧೬ರಲ್ಲಿ ಗುಜರಿಗೆ ಹಾಕಲಾಯಿತು. ಹಾರಬೇಕಾದ ರೆಕ್ಕೆಗಳು ತಗಡಾಗಿ ತೂಗಲ್ಪಟ್ಟವು.

ಕ್ಯಾಲಿಫೋರ್ನಿಯದ ಐಕಾನ್ ಸಂಸ್ಥೆಯ ಕಥೆಯೂ ಇದಕ್ಕೆ ಸಮೀಪದ್ದೇ. ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ, ರೆಕ್ಕೆ ಮಡಿಸಿಕೊಳ್ಳಬಲ್ಲ ಸೊಗಸಾದ ವಿಮಾನವನ್ನು ೧,೩೯,೦೦೦ ಡಾಲರಿಗೆ ಕೊಡುವುದಾಗಿ ಅದು ೨೦೦೮ರಲ್ಲಿ ಸಾರಿತು. ೨೦೧೭ರ ವೇಳೆಗೆ ಸಕಲ ಸಜ್ಜುಗಳೊಡನೆ ಅದರ ಬೆಲೆ ೩,೮೯,೦೦೦. ೨೦೨೪ರ ಏಪ್ರಿಲಿನಲ್ಲಿ ಸಂಸ್ಥೆ ದಿವಾಳಿಯ ನ್ಯಾಯಾಲಯದ ಮೆಟ್ಟಿಲೇರಿತು. ಜೆಕ್ ದೇಶ, ಜರ್ಮನಿ, ಇಟಲಿಗಳ ತಯಾರಕರು ಉಳಿದುಕೊಂಡಿದ್ದಾರೆ, ನಿಜ. ಆದರೆ ಚೆನ್ನಾಗಿ ಸಜ್ಜುಗೊಳಿಸಿದ ಅವರ ಹೊಸ ವಿಮಾನಗಳು ಎಷ್ಟೋ ಈಗ ಎರಡು ಲಕ್ಷ ಡಾಲರಿನ ಗೆರೆಯನ್ನು ದಾಟಿವೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುತ್ತದೆಯಲ್ಲವೆ? ಆದರೆ ಇಲ್ಲಿ ಪೂಜಾರಿಯನ್ನು ದೂರಿ ಪ್ರಯೋಜನವಿಲ್ಲ. ತಯಾರಕರು ಕೊಳ್ಳೆ ಹೊಡೆದಿದ್ದರೆ ದಿವಾಳಿಯಾಗುತ್ತಿದ್ದರೇಕೆ?

ಕಾರಣವನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ. ೧೯೩೮ರಲ್ಲಿ ಪೆನ್ಸಿಲ್ವೇನಿಯದ ಪೈಪರ್ ಸಂಸ್ಥೆ ‘ಕಬ್’ ಎಂಬ ಹಳದಿ ಬಣ್ಣದ ಪುಟ್ಟ ವಿಮಾನವನ್ನು ಮಾರತೊಡಗಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಬೆಲೆ ಸುಮಾರು ಸಾವಿರ ಡಾಲರು. ೧೯೪೭ರ ವರೆಗೆ ಅಂಥವು ಸುಮಾರು ಇಪ್ಪತ್ತು ಸಾವಿರ ತಯಾರಾದವು. ೧೯೭೮ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಹೊರಬಂದ ಖಾಸಗಿ ಬಳಕೆಯ ವಿಮಾನಗಳ ಸಂಖ್ಯೆ ಸುಮಾರು ೧೮,೦೦೦. ಅನಂತರ ಕುಸಿತ. ಬಡ್ಡಿಯ ದರ ಏರಿತು, ಪೆಟ್ರೋಲು ದುಬಾರಿಯಾಯಿತು, ಇಪ್ಪತ್ತು ಮೂವತ್ತು ವರ್ಷ ಹಳೆಯ ವಿಮಾನ ಬಿದ್ದರೂ ತಯಾರಕನ ಮೇಲೆ ಪರಿಹಾರದ ದಾವೆ ಹೂಡುವುದು ವಾಡಿಕೆಯಾಯಿತು. ೧೯೮೬ರಲ್ಲಿ ಸೆಸ್ನಾ ತನ್ನ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. ೧೯೯೪ರಲ್ಲಿ ದೇಶದ ಒಟ್ಟು ತಯಾರಿಕೆ ಸಾವಿರಕ್ಕೂ ಕೆಳಗಿಳಿದಿತ್ತು. ಹದಿನೆಂಟು ವರ್ಷ ಮೀರಿದ ವಿಮಾನಗಳ ಹೊಣೆಯಿಂದ ತಯಾರಕರನ್ನು ಬಿಡಿಸುವ ಕಾಯಿದೆ ಆ ವರ್ಷವೇ ಬಂದಿತು. ಸೆಸ್ನಾ ೧೯೯೬ರಲ್ಲಿ ಮತ್ತೆ ತಯಾರಿಕೆಗೆ ಕೈಹಾಕಿತು. ಆದರೆ ಹಳೆಯ ಸಂಖ್ಯೆ ಮರಳಲಿಲ್ಲ.

ಎಲ್ಲ ಗುಟ್ಟೂ ಈ ಸಂಖ್ಯೆಯಲ್ಲಿದೆ. ಮೋಟಾರು ಕಾರಿನ ಕಾರ್ಖಾನೆ ವರ್ಷಕ್ಕೆ ಲಕ್ಷ ಕಾರುಗಳನ್ನು ಹೊರತರುತ್ತದೆ. ಅಚ್ಚು, ಯಂತ್ರ, ವಿನ್ಯಾಸಗಳಿಗೆ ಹಾಕಿದ ಬಂಡವಾಳ ಲಕ್ಷ ಪಾಲಾಗಿ ಹಂಚಿಹೋಗುತ್ತದೆ. ಹಗುರ ವಿಮಾನದ ತಯಾರಕ ವರ್ಷಕ್ಕೆ ಐವತ್ತನ್ನೋ ನೂರನ್ನೋ ಮಾರಿದರೆ ಅದೇ ದೊಡ್ಡದು. ಅವನ ಕಾರ್ಖಾನೆ ನಿಜವಾಗಿ ಕಾರ್ಖಾನೆಯಲ್ಲ, ಅಕ್ಕಸಾಲೆಯ ಅಂಗಡಿ; ಒಂದೊಂದು ಮೊಳೆಯನ್ನೂ ಮನುಷ್ಯನ ಕೈಯೇ ಕೂರಿಸಬೇಕು. ಬೆಲೆ ಹೆಚ್ಚಾದುದರಿಂದ ಕೊಳ್ಳುವವರು ಕಡಿಮೆ. ಕೊಳ್ಳುವವರು ಕಡಿಮೆಯಾದುದರಿಂದ ಬೆಲೆ ಹೆಚ್ಚು. ಈ ಚಕ್ರವ್ಯೂಹವನ್ನು ಕಾನೂನೊಂದೇ ಭೇದಿಸಲಾರದು. ಕಾನೂನು ಪರೀಕ್ಷೆಯ ಖರ್ಚನ್ನು ಇಳಿಸೀತು. ಅಲ್ಯೂಮಿನಿಯಮಿನ ಬೆಲೆಯನ್ನೂ ಕುಶಲ ಕೆಲಸಗಾರನ ಕೂಲಿಯನ್ನೂ ಇಳಿಸಲಾರದು.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಬೆಲೆ ಏರಿತೆಂದು ನಾವು ಗೊಣಗುವಾಗ ಹಣದ ಮೌಲ್ಯ ಇಳಿದುದನ್ನು ಮರೆಯುತ್ತೇವೆ. ೨೦೦೭ರ ೧,೦೯,೫೦೦ ಡಾಲರು ೨೦೨೪ರ ಲೆಕ್ಕದಲ್ಲಿ ಸುಮಾರು ೧,೬೫,೦೦೦ ಆಗುತ್ತದೆ. ೨೦೦೭ರಲ್ಲಿ ಅಮೆರಿಕದ ನಡುಮಟ್ಟದ ಸಂಸಾರದ ವಾರ್ಷಿಕ ಆದಾಯ ಸುಮಾರು ೫೦,೦೦೦ ಡಾಲರು. ೨೦೨೩ರಲ್ಲಿ ಸುಮಾರು ೮೦,೦೦೦. ಎಂದರೆ ಅಂದಿನ ‘ಅಗ್ಗದ’ ವಿಮಾನವೂ ಒಂದು ಸಂಸಾರದ ಎರಡು ವರ್ಷಗಳ ಆದಾಯವನ್ನು ಮೀರಿತ್ತು. ಇಂದಿನದು ಎರಡೂವರೆ ವರ್ಷಗಳದು. ಆದ್ದರಿಂದ ಹಗುರ ವಿಮಾನವು ಅಗ್ಗವಾಗಿದ್ದು ಆಮೇಲೆ ದುಬಾರಿಯಾಯಿತೆನ್ನುವುದಕ್ಕಿಂತ, ಅದು ಎಂದೂ ನಾವು ಬಯಸಿದಷ್ಟು ಅಗ್ಗವಾಗಿರಲಿಲ್ಲವೆನ್ನುವುದೇ ಸರಿ. ಕಬ್ಬಿನ ಸಾವಿರ ಡಾಲರು ಮಾತ್ರ ಇಂದಿನ ಇಪ್ಪತ್ತೆರಡು ಸಾವಿರದಷ್ಟೇ! ಆ ಬೆಲೆಗೆ ಈಗ ಒಂದು ಸಾಧಾರಣ ಮೋಟಾರು ಕಾರು ದೊರೆಯುವುದೂ ಕಷ್ಟ.

ಹಾಗಾದರೆ ಈ ದುಬಾರಿ ವಿಮಾನಗಳನ್ನು ಕೊಂಡವರಾದರೂ ಯಾರು? ಹೊಸದಾಗಿ ಕಲಿಯುವ ತರುಣರೆಂದು ಶಾಸನಕಾರರು ಭಾವಿಸಿದ್ದಿರಬಹುದು. ಬಹುಪಾಲು ಕೊಂಡವರು ತಲೆ ನರೆತ ಹಳೆಯ ಚಾಲಕರು. ಅವರಿಗೆ ಪರವಾನಗಿ ಇತ್ತು, ಕೈಯಲ್ಲಿ ಹಣವೂ ಇತ್ತು. ಇದ್ದ ಭಯವೊಂದೇ, ವೈದ್ಯಕೀಯ ಪರೀಕ್ಷೆಯದು. ಪರೀಕ್ಷೆಗೆ ಹೋಗಿ ಅನರ್ಹರೆನಿಸಿಕೊಂಡವರಿಗೆ ಹಗುರ ವಿಮಾನದ ರಿಯಾಯಿತಿಯೂ ಇಲ್ಲ. ಹೋಗದೆ ಸುಮ್ಮನಿದ್ದವರಿಗೆ ಉಂಟು. ಆದ್ದರಿಂದ ಅನೇಕರು ತಮ್ಮ ನಾಲ್ಕು ಆಸನಗಳ ಹಳೆಯ ವಿಮಾನವನ್ನು ಮಾರಿ ಹಗುರ ವಿಮಾನವನ್ನು ಕೊಂಡು, ಆಕಾಶದ ನಂಟನ್ನು ಇನ್ನಷ್ಟು ವರ್ಷ ಉಳಿಸಿಕೊಂಡರು. ೨೦೧೭ರಲ್ಲಿ ಖಾಸಗಿ ಚಾಲಕರ ವೈದ್ಯಕೀಯ ನಿಯಮವೇ ಸಡಿಲವಾಯಿತು. ಈ ಗಿರಾಕಿಗಳಿಗೂ ಆ ಅಗತ್ಯ ಕಡಿಮೆಯಾಯಿತು.

ಇನ್ನೊಂದು ವಿಪರ್ಯಾಸವನ್ನು ಗಮನಿಸಿ. ಬಡ ಚಾಲಕನ ನಿಜವಾದ ಬಂಧು ಹೊಸ ವಿಮಾನವಲ್ಲ. ೧೯೫೮ರಿಂದ ೧೯೭೭ರ ವರೆಗೆ ತಯಾರಾದ ಸೆಸ್ನಾ ೧೫೦ರಂಥ ಹಳೆಯ ವಿಮಾನ. ಹೊಸದರ ಬೆಲೆಯ ಕಾಲುಭಾಗಕ್ಕೇ ಅದು ಕೈಸೇರುತ್ತಿತ್ತು. ಆದರೆ ಅದರ ತೂಕ ೬೦೦ ಕಿಲೋಗ್ರಾಮಿನ ಮಿತಿಯನ್ನು ನೂರಿಪ್ಪತ್ತು ಕಿಲೋಗಳಷ್ಟು ಮೀರುತ್ತಿದ್ದುದರಿಂದ, ಇಪ್ಪತ್ತು ಗಂಟೆಗಳ ಪರವಾನಗಿಯವನು ಅದನ್ನು ಮುಟ್ಟುವಂತಿರಲಿಲ್ಲ! ಕಡಿಮೆ ಖರ್ಚಿನ ವಿದ್ಯೆ ಪಡೆದವನು ಹೆಚ್ಚಿನ ಬೆಲೆಯ ವಿಮಾನವನ್ನೇ ಹಾರಿಸಬೇಕು. ಈ ವೈಚಿತ್ರ್ಯ ಇಪ್ಪತ್ತೊಂದು ವರ್ಷ ನಡೆಯಿತು. ೨೦೨೫ರ ಜುಲೈನಲ್ಲಿ ಪ್ರಕಟವಾದ ಹೊಸ ನಿಯಮ ತೂಕದ ಗೆರೆಯನ್ನು ಅಳಿಸಿ, ವಿಮಾನವು ಎಷ್ಟು ನಿಧಾನವಾಗಿ ಹಾರಿದರೂ ಬೀಳದೆ ನಿಂತೀತು ಎಂಬ ವೇಗವನ್ನೇ ಅಳತೆಗೋಲಾಗಿ ಹಿಡಿಯಿತು. ಆ ವರ್ಷದ ಅಕ್ಟೋಬರ್ ೨೨ರಿಂದ ಇಂಥ ಪರವಾನಗಿಯವರು ನಾಲ್ಕು ಆಸನಗಳ ಎಷ್ಟೋ ಹಳೆಯ ವಿಮಾನಗಳನ್ನೂ, ಒಬ್ಬ ಪ್ರಯಾಣಿಕನನ್ನು ಮಾತ್ರ ಕೂರಿಸಿಕೊಂಡು, ಹಾರಿಸಬಹುದು. ಮಧ್ಯಮವರ್ಗದವನಿಗೆ ಇದುವರೆಗೆ ಸಿಕ್ಕಿದ ನಿಜವಾದ ರಿಯಾಯಿತಿ ಇದೇ ಎಂದು ನನ್ನ ಅಭಿಪ್ರಾಯ.

ಕೊಳ್ಳುವುದು ಒಂದು ಮಾತಾದರೆ ಸಾಕುವುದು ಇನ್ನೊಂದು. ಇಲ್ಲಿ ಹಗುರ ವಿಮಾನವನ್ನು ಮೆಚ್ಚಲೇಬೇಕು. ಅವುಗಳಲ್ಲಿ ಹೆಚ್ಚಿನವಕ್ಕೆ ಅಳವಡಿಸುವ ಆಸ್ಟ್ರಿಯದ ರೊಟ್ಯಾಕ್ಸ್ ಎಂಜಿನ್ ಕಾರಿನ ಪೆಟ್ರೋಲಿನಿಂದಲೇ ನಡೆಯುತ್ತದೆ. ಗಂಟೆಗೆ ಸುಮಾರು ೨೦ ಲೀಟರು ಸಾಕು. ಆದರೆ ಪೆಟ್ರೋಲು ಖರ್ಚಿನ ಒಂದು ಭಾಗ ಮಾತ್ರ. ವಿಮಾನವನ್ನು ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ತಪಾಸಣೆ, ಇವು ಹಾರಿದರೂ ಬರುತ್ತವೆ, ಹಾರದಿದ್ದರೂ ಬರುತ್ತವೆ. ಇವುಗಳ ಒಟ್ಟು ಮೊತ್ತ ವರ್ಷಕ್ಕೆ ೬,೦೦೦ ಡಾಲರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ೫೦ ಗಂಟೆ ಹಾರುವವನ ತಲೆಯ ಮೇಲೆ ಗಂಟೆಗೆ ೧೨೦ ಡಾಲರು ಬೀಳುತ್ತದೆ. ಅದೇ ವಿಮಾನ ೨೦೦ ಗಂಟೆ ಹಾರಿದರೆ ೩೦ ಮಾತ್ರ. ಒಬ್ಬ ಗೃಹಸ್ಥ ವರ್ಷಕ್ಕೆ ಇನ್ನೂರು ಗಂಟೆ ಹಾರುತ್ತ ಕುಳಿತರೆ ಅವನ ನೌಕರಿಯೂ ಹಾರಿಹೋದೀತು. ನಾಲ್ವರು ಕೂಡಿದರೆ ಲೆಕ್ಕ ಸುಲಭ.

ಈ ಲೆಕ್ಕವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಅರಿತಿದ್ದರು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎರಡು ಆಸನಗಳ, ತೊಂಬತ್ತು ಅಶ್ವಶಕ್ತಿಯ ಒಂದು ಪುಟ್ಟ ವಿಮಾನ ರೂಪುಗೊಂಡು ೧೯೫೮ರಲ್ಲಿ ಮೊದಲು ಹಾರಿತು. ಅದರ ಹೆಸರೂ ಪುಷ್ಪಕವೇ! ಅದರ ತೂಕವೂ ಅಮೆರಿಕದವರು ಅನಂತರ ಗೊತ್ತುಪಡಿಸಿದ ೬೦೦ ಕಿಲೋಗ್ರಾಮಿನ ಆಸುಪಾಸಿನದೇ. ಅಂಥ ಸುಮಾರು ನೂರೈವತ್ತು ವಿಮಾನಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಗುಮಾಸ್ತನ ಮಗನಿಗೆ ವಿಮಾನ ಕೊಳ್ಳೆಂದು ಯಾರೂ ಹೇಳಲಿಲ್ಲ. ಬಂದು ಕಲಿ ಎಂದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ವೂ ಕ್ಲಬ್ಬುಗಳ ತರಬೇತಿಗೆಂದೇ ಹುಟ್ಟಿತು. ಅದೇ ಊರಿನ ರಾಜಹಂಸ ಸಂಸ್ಥೆ ತಯಾರಿಸಿದ ಬಟ್ಟೆ ಹೊದಿಕೆಯ ಪುಟ್ಟ ವಿಮಾನ ‘ಹನುಮಾನ್’ ಬೇರೆ ಹೆಸರಿನಲ್ಲಿ ಅಮೆರಿಕಕ್ಕೂ ಹೋಗಿ, ಅಲ್ಲಿಯ ಹಗುರ ವಿಮಾನಗಳ ಪಟ್ಟಿಯಲ್ಲಿ ಅಗ್ಗದವುಗಳ ಸಾಲಿನಲ್ಲಿ ನಿಂತಿತೆಂಬುದು ನಮಗೆ ಅಭಿಮಾನದ ಸಂಗತಿ.

ಅಮೆರಿಕದ ಚಾಲಕರೂ ಕ್ರಮೇಣ ಇದೇ ದಾರಿಗೆ ಬಂದಿದ್ದಾರೆ. ಎರಡು ಲಕ್ಷ ಡಾಲರಿನ ಹೊಸ ವಿಮಾನವನ್ನು ಹತ್ತು ಮಂದಿ ಸೇರಿ ಕೊಂಡರೆ ತಲಾ ಇಪ್ಪತ್ತು ಸಾವಿರ. ಮೇಲೆ ಹೇಳಿದ ಕಬ್ಬಿನ ಬೆಲೆಗೆ ಆಗ ಬಂದು ನಿಲ್ಲುತ್ತೇವೆ. ಸ್ವಲ್ಪ ಕಷ್ಟವುಂಟು. ಭಾನುವಾರದ ತಿಳಿ ಆಕಾಶಕ್ಕೆ ಹತ್ತು ಮಂದಿಯೂ ಆಸೆಪಡುತ್ತಾರೆ, ಸರದಿ ಕಾಯಬೇಕು. ನನ್ನದು ಎಂಬ ಮಾತನ್ನು ಬಿಟ್ಟು ನಮ್ಮದು ಎನ್ನಲು ಕಲಿಯಬೇಕು. ಒಂದೇ ಬಾವಿಯ ನೀರನ್ನು ಹತ್ತು ಮನೆಯವರು ಸೇದಿ ಬಾಳಿದ ನಾಡಿನವರಿಗೆ ಇದು ಹೊಸ ಪಾಠವಲ್ಲ.

ಸರ್ಕಾರ ವಿದ್ಯೆಯನ್ನು ಸುಲಭಗೊಳಿಸಬಹುದು. ಸಂಖ್ಯೆ ಬೆಳೆಯದ ಹೊರತು ವ್ಯಾಪಾರಿ ಬೆಲೆಯನ್ನು ಇಳಿಸಲಾರ. ಇವೆರಡರ ನಡುವೆ ಸಾಮಾನ್ಯನಿಗೆ ಉಳಿದಿರುವ ಉಪಾಯ ಕೂಡಿ ಕೊಳ್ಳುವುದೊಂದೇ. ಪುಷ್ಪಕದ ವಿಷಯದಲ್ಲಿ ಪುರಾಣ ಹೇಳುವ ಸೊಗಸಾದ ವಿವರವೊಂದಿದೆ: ಅದರಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಎಡೆಯಿರುತ್ತಿತ್ತಂತೆ. ಲಂಕೆಯಿಂದ ಹೊರಟಾಗ ವಾನರಸೇನೆಯೇ ಅದನ್ನು ಏರಿತು. ಒಡೆತನ ಕುಬೇರನದೇ ಆಗಿರಲಿ. ಹಾರಿದವರು ಮಾತ್ರ ಎಲ್ಲರೂ.