ಸೋರಿಕೆಗೆ ಅಂಟು ಹಚ್ಚಿದರೆ ಸಾಲದು

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಬೋಟುಗಳು ದಡ ಸೇರುತ್ತವೆ. ಕೇರಳದಲ್ಲಿ 1988ರಲ್ಲಿ ಆರಂಭವಾದ ಮಳೆಗಾಲದ ಟ್ರಾಲಿಂಗ್ ನಿಷೇಧ ಈಗ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ, ಅಂದರೆ 52 ದಿನ ಇರುತ್ತದೆ. ಮೀನಿನ ಸಂತತಿ ಉಳಿಯಲೆಂದು ಮಾಡಿದ ಈ ಏರ್ಪಾಡಿನಿಂದ ಬೋಟಿನವರಿಗೆ ದುರಸ್ತಿಯ ಬಿಡುವೂ ದೊರಕುತ್ತದೆ. ಬಲೆ ಸರಿಪಡಿಸುತ್ತಾರೆ, ಹಲಗೆಗೆ ಬಣ್ಣ ಬಳಿಯುತ್ತಾರೆ. ಎಂಜಿನಿನ ಅಡಿಯಲ್ಲಿ ತೊಟ್ಟಿಕ್ಕುವ ಎಣ್ಣೆಗೆ ಮಾತ್ರ ಒಂದು ಹಳೆಯ ಡಬ್ಬ ಇಟ್ಟು ಸುಮ್ಮನಾಗುವ ಪರಿಪಾಠವನ್ನು ಮಂಜೇಶ್ವರದಿಂದ ಕಾಸರಗೋಡಿನ ವರೆಗೂ ನಾವು ಕಂಡಿದ್ದೇವೆ.

ಕೇಳಿದರೆ ಸಿಗುವ ಉತ್ತರ ಒಂದೇ: ‘ಹಳೆಯ ಎಂಜಿನು, ಸ್ವಲ್ಪ ಸೋರದೆ ಇದ್ದೀತೇ?’ ಈ ಮಾತನ್ನು ನಾವು ಒಪ್ಪಲಾರೆವು. ಹಳತಾದುದು ಹೆಚ್ಚಾಗಿ ಎಂಜಿನಲ್ಲ, ಅದರೊಳಗಿನ ರಬ್ಬರು ಮತ್ತು ಕಾಗದ. ಬಿಸಿಗೂ ಎಣ್ಣೆಗೂ ಸಿಕ್ಕಿದ ಆಯಿಲ್ ಸೀಲಿನ ತುಟಿ ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ, ಗ್ಯಾಸ್ಕೆಟು ಕುಗ್ಗುತ್ತದೆ. ಎಂಜಿನಿನ ಬೆಲೆಯ ಮುಂದೆ ಇವುಗಳ ಬೆಲೆ ಯಾವ ಲೆಕ್ಕಕ್ಕೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಅಡಿಕೆಯ ನಾಡಿನವರಾದ ನಮಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಸೀಲು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. ಸೋರಿಕೆ ರೋಗವಲ್ಲ, ರೋಗದ ಲಕ್ಷಣ. ಎಂಜಿನಿನ ಒಳಗಿನ ಒತ್ತಡ ಹೊರಹೋಗಲು ಇರುವ ಬ್ರೀದರ್ ನಳಿಗೆ ಕಸ ಕಟ್ಟಿದರೆ ಒತ್ತಡವು ಎಣ್ಣೆಯನ್ನು ಸೀಲಿನ ಸಂದಿನಿಂದಲೇ ಹೊರಗೆ ನೂಕುತ್ತದೆ. ಶಾಫ್ಟಿನಲ್ಲಿ ಹಳೆಯ ಸೀಲು ತೇದು ಮಾಡಿದ ಗೆರೆ ಇದ್ದರೆ ಹೊಸ ಸೀಲಿನ ತುಟಿಯೂ ಅದೇ ಗೆರೆಯಲ್ಲಿ ಕುಳಿತು ಬೇಗನೆ ಸೋರುತ್ತದೆ. ಕಾರಣ ಹುಡುಕದೆ ವರ್ಷಕ್ಕೆರಡು ಸೀಲು ಹಾಕಿಸಿ, ಕೊನೆಗೆ ಅಂಗಡಿಯವನನ್ನು ಬೈದು ಫಲವೇನು?

ಎಲ್ಲಕ್ಕಿಂತ ಅಪಾಯಕರವಾದುದು ಅಂಟು ಹಚ್ಚಿ ಸೋರಿಕೆಯನ್ನು ಮುಚ್ಚುವ ಅಭ್ಯಾಸ. ಸಮುದ್ರದ ನೀರೆಳೆಯುವ ಪಂಪಿನಲ್ಲಿ ಸಾಮಾನ್ಯವಾಗಿ ನೀರಿಗೊಂದು, ಎಣ್ಣೆಗೊಂದು ಸೀಲು ಇರುತ್ತದೆ. ಎರಡರ ನಡುವೆ ಅಡಿಯಲ್ಲೊಂದು ಸಣ್ಣ ತೂತು. ಅಲ್ಲಿ ನೀರು ತೊಟ್ಟಿಕ್ಕಿದರೆ ನೀರಿನ ಸೀಲು ಹೋಗಿದೆ, ಎಣ್ಣೆ ತೊಟ್ಟಿಕ್ಕಿದರೆ ಎಣ್ಣೆಯದು ಹೋಗಿದೆ ಎಂದು ತಿಳಿಸಲಿಕ್ಕೆಂದೇ ಮಾಡಿದ ತೂತು ಅದು. ಅದನ್ನೇ ‘ಸೋರುತ್ತದೆ’ ಎಂದು ಅಂಟಿನಿಂದ ಮುಚ್ಚಿದರೆ ಉಪ್ಪುನೀರು ಒಳಗೆ ನುಗ್ಗಿ ಎಣ್ಣೆಯೊಡನೆ ಸೇರುತ್ತದೆ. ಆಮೇಲೆ ಹೋಗುವುದು ಸೀಲಲ್ಲ, ಬೇರಿಂಗುಗಳು. ಗ್ಯಾಸ್ಕೆಟಿಗೆ ಮಿತಿಮೀರಿ ಬಳಿದ ಸಿಲಿಕೋನ್ ಅಂಟು ಒಳಕ್ಕೂ ಉಬ್ಬಿ, ತುಂಡಾಗಿ ಕಿತ್ತುಬಂದು ಎಣ್ಣೆಯ ದಾರಿಯನ್ನೇ ಕಟ್ಟಬಲ್ಲುದು.

ದೋಣಿಯ ಔಟ್‌ಬೋರ್ಡ್ ಎಂಜಿನಿಗೂ ಇದೇ ನ್ಯಾಯ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಒಳಗೆ ನೀರು ಸೇರಿದೆ ಎಂದೇ ತಿಳಿಯಬೇಕು. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಬಲೆಯ ನೈಲಾನ್ ನೂಲು ಸೀಲನ್ನು ಕೊಯ್ದಿರುವುದು ಉಂಟು. ಪ್ರೊಪೆಲ್ಲರ್ ಕಳಚಿ ನೋಡಲು ಎಷ್ಟು ಹೊತ್ತು ಬೇಕು?

ಬೋಟಿನ ಡೀಸೆಲ್ ಎಂಜಿನು ಪದೇ ಪದೇ ಬಿಸಿಯಾಗಿ ಬಿಳಿ ಹೊಗೆ ಉಗುಳಿದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ಬಿಚ್ಚಿದ ಮೇಲೆ ಹಳೆಯದನ್ನೇ ಮತ್ತೆ ಕೂರಿಸಬಾರದು. ಎರಡೂ ಮುಖಗಳನ್ನು ಗೀರು ಬೀಳದಂತೆ ಶುಚಿಗೊಳಿಸಿ, ಹೆಡ್ಡು ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಬೇಕು. ಬಾಗಿದ ಹೆಡ್ಡಿಗೆ ಎಷ್ಟು ಹೊಸ ಗ್ಯಾಸ್ಕೆಟು ಹಾಕಿದರೂ ವ್ಯರ್ಥ. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಇಲ್ಲಿ ತೋಳ್ಬಲದ ಪ್ರದರ್ಶನ ಬೇಡ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತೊಟ್ಟಿಕ್ಕುವುದೆಲ್ಲವೂ ದೋಷವಲ್ಲ. ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವಲ್ಲಿ ಹಗ್ಗದ ಪ್ಯಾಕಿಂಗ್ ಇರುವ ಹಳೆಯ ಬೋಟುಗಳಲ್ಲಿ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ನೀರು ಬೀಳಲೇಬೇಕು. ಆ ನೀರೇ ಅದನ್ನು ತಂಪಾಗಿರಿಸುವುದು. ಒಂದು ಹನಿಯೂ ಬೀಳದಂತೆ ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ತೇಯುತ್ತದೆ. ಯಾವ ಹನಿ ಬೇಕು, ಯಾವುದು ಬೇಡ ಎಂದು ತಿಳಿಯುವುದೇ ಜಾಣತನ.

ಇದು ಕೇವಲ ಖರ್ಚಿನ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ರಸ್ತೆಯಲ್ಲಿ ಲಾರಿ ನಿಂತರೆ ಚಾಲಕ ಇಳಿದು ನಡೆಯಬಹುದು. ಅಳಿವೆಯ ಬಾಯಿಯಲ್ಲಿ ಅಲೆಗಳ ನಡುವೆ ಎಂಜಿನು ನಿಂತರೆ ಇಳಿಯುವುದೆಲ್ಲಿಗೆ? ಬೋಟಿನ ತಳದಲ್ಲಿ ಸೇರಿದ ಎಣ್ಣೆನೀರು ಪಂಪಿನ ಮೂಲಕ ಬೀಳುವುದೂ ನಾವು ಬಲೆ ಬೀಸುವ ನೀರಿಗೇ. ಹನಿಗೂಡಿದರೆ ಹಳ್ಳವೆಂಬುದು ಎಣ್ಣೆಗೂ ಸಲ್ಲುವ ಮಾತು.

ಹಾಗೆಂದು ತಪ್ಪನ್ನೆಲ್ಲ ಬೋಟಿನವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಎಂಜಿನಿನ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಹಳೆಯ ಎಂಜಿನಾದರೆ ಅದೂ ಕಳೆದುಹೋಗಿರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಉಪ್ಪಳ, ಮಂಜೇಶ್ವರದ ತರುಣನಿಗೆ ಬೇರೆ ಭಾಷೆಯ ತರಬೇತಿ ಅರ್ಧವೇ ದಕ್ಕೀತು. ಆದುದರಿಂದ ಮೀನುಗಾರಿಕಾ ಇಲಾಖೆಯೂ ಸಹಕಾರ ಸಂಘಗಳೂ ನಿಷೇಧದ ದಿನಗಳಲ್ಲಿ ಕಡಪ್ಪುರಗಳಲ್ಲೇ ಎರಡು ದಿನದ ದುರಸ್ತಿ ಶಿಬಿರಗಳನ್ನು ಕನ್ನಡ, ತುಳು ಬಲ್ಲ ಮೆಕ್ಯಾನಿಕರಿಂದ ನಡೆಸಬೇಕು. ಸಂಘಕ್ಕೊಂದು ಟಾರ್ಕ್ ರೆಂಚು, ಒಳ್ಳೆಯ ಸೀಲು ಗ್ಯಾಸ್ಕೆಟುಗಳ ಒಂದು ಕಪಾಟು ಇದ್ದರೆ ಅದು ದೊಡ್ಡ ಹೊರೆಯಲ್ಲ.

ಬೋಟಿನ ಯಜಮಾನರಲ್ಲಿ ನಮ್ಮ ಬಿನ್ನಹ ಇಷ್ಟೇ: ಈ ಮಳೆಗಾಲದಲ್ಲಿ ಡಬ್ಬವನ್ನು ತೆಗೆದು, ಹನಿ ಎಲ್ಲಿಂದ ಬೀಳುತ್ತಿದೆಯೆಂದು ಒಮ್ಮೆ ನೋಡಿ. ಆಗಸ್ಟಿನಲ್ಲಿ ಕಡಲಿಗಿಳಿಯುವ ತಂಡೇಲನೂ ಅವನನ್ನು ಕಾಯುವ ಮನೆಯವರೂ ನೆಮ್ಮದಿಯಿಂದ ಇರಲಿ.