ಮಾತು ಕಲಿಯಬೇಕಾದವರು ಯಾರು?

ಬೆಂಗಳೂರಿನಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಿಗಾಗಿ ನಾವು ಕೆಲವು ಗೆಳೆಯರು ಸೇರಿ ಪ್ರತಿ ಶನಿವಾರ ಸಂಜೆ ಒಂದು ಮಾತುಕತೆಯ ಕೂಟ ನಡೆಸುತ್ತಾ ಬಂದಿದ್ದೇವೆ. ಸುಡಾನ್, ತಾಂಜಾನಿಯಾ, ಯೆಮನ್, ಅಫ್ಘಾನಿಸ್ತಾನದ ಹುಡುಗ ಹುಡುಗಿಯರು ಬರುತ್ತಾರೆ. ಆಟೋದವರೊಡನೆ, ಅಂಗಡಿಯವರೊಡನೆ ವ್ಯವಹರಿಸುವಷ್ಟು ಕನ್ನಡ, ತರಗತಿಗೆ ಬೇಕಾದಷ್ಟು ಇಂಗ್ಲಿಷ್ ಕಲಿಸಿಬಿಡೋಣ ಎಂಬ ಉತ್ಸಾಹ ನಮ್ಮದಾಗಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ನಮಗೆ ನಾಚಿಕೆಯಾಯಿತು. ಆ ಕೂಟದಲ್ಲಿ ಹೆಚ್ಚು ಮಾತಾಡಿದವರು ನಾವೇ.

ನಾವು ಕೇಳಿದ ಪ್ರಶ್ನೆಗಳಾದರೂ ಎಂಥವು? ನಮ್ಮ ದೇಶ ನಿಮಗೆ ಇಷ್ಟವಾಯಿತೇ? ದೋಸೆ ತಿಂದಿರಾ? ಇವು ಹೊಗಳಿಸಿಕೊಳ್ಳಲು ಕೇಳುವ ಪ್ರಶ್ನೆಗಳು. ಅವರೂ ನಕ್ಕು 'ಚೆನ್ನಾಗಿದೆ' ಎಂದು ಸುಮ್ಮನಾಗುತ್ತಿದ್ದರು. ಒಂದು ಸಂಜೆ ಪ್ರಶ್ನೆ ಬದಲಿಸಿದೆವು. 'ಈ ವಾರ ನಿಮ್ಮನ್ನು ಯಾರು ಏನೆಂದು ಕರೆದರು?' ಎಂದು ಕೇಳಿ ಬಾಯಿ ಮುಚ್ಚಿ ಕುಳಿತೆವು. ಸ್ವಲ್ಪ ಹೊತ್ತಿನ ಮೌನದ ನಂತರ ತಾಂಜಾನಿಯಾದ ಹುಡುಗಿಯೊಬ್ಬಳು, ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಾರೆ ಎಂದಳು. ಸುಡಾನಿನ ಹುಡುಗ, ತಾನು ಕಲಿತ ಮೊದಲ ಕನ್ನಡ ಪದ 'ಕರಿಯ' ಎಂದ. ಅದನ್ನು ಅವನಿಗೆ ಕಲಿಸಿದ್ದು ನಮ್ಮ ಬೀದಿ.

ಅತಿಥಿ ದೇವೋ ಭವ ಎಂದು ಭಾಷಣ ಬಿಗಿಯುವವರು 2016ರ ಜನವರಿ 31ರ ರಾತ್ರಿಯನ್ನು ನೆನಪಿಸಿಕೊಳ್ಳಲಿ. ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಮೃತಪಟ್ಟರು. ಆ ಸಾವಿಗೆ ಕಾನೂನು ಉತ್ತರ ಕೊಡಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಂಪು ಹಿಡಿದು ಥಳಿಸಿದ್ದು, ಬಟ್ಟೆ ಹರಿದದ್ದು, ಆಮೇಲೆ ಆ ದಾರಿಯಾಗಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯದ್ದು. ಅವಳ ತಪ್ಪೇನು? ಸುಡಾನಿನ ರಾಜಧಾನಿಗೂ ತಾಂಜಾನಿಯಾದ ರಾಜಧಾನಿಗೂ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಅಂತರವಿದೆ. ಗುಂಪಿನ ಕಣ್ಣಿಗೆ ಕಂಡದ್ದು ಬಣ್ಣ ಮಾತ್ರ. ಇದು ಜನಾಂಗೀಯ ದಾಳಿಯಲ್ಲ ಎಂದು ಆಗಿನ ಗೃಹಸಚಿವರು ಹೇಳಿದರು. ಹಾಗಾದರೆ ಜನಾಂಗೀಯ ದಾಳಿ ಎಂದರೆ ಇನ್ನೇನು?

ಇದನ್ನು ಓದಿ ನಮ್ಮ ಸಮುದಾಯದವರು ತಲೆದೂಗಿ ಇತರರತ್ತ ಬೆರಳು ತೋರಿಸುವುದು ಬೇಡ. ಮುಸ್ಲಿಮರೆಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದ ಕಹಿ ನಮಗೆ ಗೊತ್ತು. ಆದರೂ ನಮ್ಮವರೇ ಆದ ಮನೆಮಾಲಕರೊಬ್ಬರು ಫೋನಿನಲ್ಲಿ ಹುಡುಗನ ಹೆಸರು ಕೇಳಿ, ಸಲಾಮ್ ಹೇಳಿ ಬರಹೇಳಿದರು. ಬಾಗಿಲಲ್ಲಿ ಅವನ ಮುಖ ಕಂಡೊಡನೆ 'ಮನೆ ಬೇರೆಯವರಿಗೆ ಕೊಟ್ಟಾಯಿತು' ಎಂದರು. ಹಝ್ರತ್ ಬಿಲಾಲ್(ರ)ರ ಚರಿತ್ರೆ ಕೇಳುವಾಗ ಕಣ್ಣು ಒದ್ದೆ ಮಾಡಿಕೊಳ್ಳುವ ನಾವು, ಅದೇ ಆಫ್ರಿಕಾದ ಮಗನನ್ನು ಮೆಟ್ಟಿಲಿಂದಲೇ ಹಿಂದೆ ಕಳಿಸುವುದಾದರೆ ಆ ಕಣ್ಣೀರಿಗೆ ಅರ್ಥವೇನು?

ಆಫ್ರಿಕಾ ಈ ನಾಡಿಗೆ ಹೊಸದಲ್ಲ. ವಿಜಾಪುರದ ಆದಿಲ್‌ಶಾಹಿಗಳ ಆಸ್ಥಾನದಲ್ಲಿ ಹಬಶಿ ಮೂಲದ ಇಖ್ಲಾಸ್ ಖಾನ್ ಆಡಳಿತದ ಉನ್ನತ ಸ್ಥಾನದಲ್ಲಿದ್ದ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳು ತಲೆಮಾರುಗಳಿಂದ ಬದುಕುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಕನ್ನಡ ಮಾತಾಡುವ ಅವರನ್ನೇ 'ಯಾವ ದೇಶ?' ಎಂದು ಕೇಳುವ ನಾವು ಹೊರಗಿನಿಂದ ಬಂದವರನ್ನು ಹೇಗೆ ನಡೆಸಿಕೊಂಡೇವು?

ಮೌಲಾನಾ ಅಬುಲ್ ಕಲಾಮ್ ಆಝಾದ್ 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಇಂದಿಗೂ ವಿದ್ಯಾರ್ಥಿವೇತನ ಕೊಟ್ಟು ವಿದೇಶಿ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುತ್ತದೆ. ಸ್ವಂತ ಖರ್ಚಿನಲ್ಲಿ ಬರುವವರಿಂದ ಕಾಲೇಜುಗಳು ಶುಲ್ಕ ಪಡೆಯುತ್ತವೆ. ಶುಲ್ಕ ಪಡೆದವರು ವಸತಿಯ ಹೊಣೆಯನ್ನೂ ಹೊರಲಿ, ದೂರು ಕೊಟ್ಟರೆ ಕೇಳುವ ಒಬ್ಬ ವ್ಯಕ್ತಿಯನ್ನಾದರೂ ನೇಮಿಸಲಿ. ಆದರೆ ಬಸ್ಸಿನ ಆ ಖಾಲಿ ಸೀಟಿನಲ್ಲಿ ಕುಳಿತುಕೊಳ್ಳಬೇಕಾದವರು ಸರಕಾರವೂ ಅಲ್ಲ, ಕಾಲೇಜೂ ಅಲ್ಲ. ನಾವು, ನೀವು.

ಈಗ ನಮ್ಮ ಕೂಟಕ್ಕೊಂದು ನಿಯಮವಿದೆ. ನಡೆಸುವವರು ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಉತ್ತರ ಕಹಿಯಾಗಿದ್ದರೆ 'ಎಲ್ಲರೂ ಹಾಗಲ್ಲ' ಎಂದು ಸಮಜಾಯಿಷಿ ಕೊಡಬಾರದು. ಪಾಲಿಸಲು ಇದು ಬಹಳ ಕಷ್ಟದ ನಿಯಮ. ನಿಮ್ಮ ಊರಿನ ಕಾಲೇಜಿನಲ್ಲೂ ಇಂಥ ಮಕ್ಕಳಿದ್ದರೆ ಒಂದು ಸಂಜೆ ಅವರನ್ನು ಮನೆಗೆ ಕರೆಯಿರಿ. ಚಹಾ ಕೊಡಿ, ಪ್ರಶ್ನೆ ಕೇಳಿ, ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.