ಹೀರೋ ಹೆಸರು ಹೇಳಿದ ಗುಡ್ಡ

ಸಿಂಧನೂರಿನಿಂದ ಓದುಗ ಮಿತ್ರರೊಬ್ಬರು ಕಾಗದ ಬರೆದಿದ್ದಾರೆ. ಕಾಗದದ ತುಂಬಾ ಸಿಟ್ಟು! "ಬಸ್ಸಿಳಿದು ಬೆಟ್ಟ ಹತ್ತಿ ಅಂತ ಪ್ರತಿ ವಾರ ಬರೀತೀರಿ. ಒಂದು ವಾರ ಆಗುಂಬೆ, ಇನ್ನೊಂದು ವಾರ ಮಡಿಕೇರಿ. ಹೀರೋ-ಹೀರೋಯಿನ್ ಕೈಹಿಡಿದು ಓಡೋದೂ ಅಲ್ಲೇ, ನೀವು ಓಡೋದೂ ಅಲ್ಲೇ. ನಮ್ಮ ಕಡೆ ಬರೀ ಬಿಸಿಲು, ಭತ್ತ ಅಷ್ಟೇ ಐತೇನ್ರಿ? ನಾಲ್ಕು ದಿನದ ಕೂಲಿ ಬಿಟ್ಟು ಮಲೆನಾಡಿಗೆ ಹೋಗಾಕ ನಾವೇನು ಫಿಲಂ ಸ್ಟಾರುಗಳೇನು?"

ಓದಿ ಸುಮ್ಮನೆ ಕೂತೆ. ಯಾಕೆಂದರೆ ನಾನೂ ಅದೇ ಸೀಮೆಯವನು. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೂ ಅಲ್ಲೇ, ಮೊದಲು ಗುಡ್ಡ ಹತ್ತಿದ್ದೂ ಅಲ್ಲೇ. ಆದರೂ ಇಷ್ಟು ದಿನ ಆ ಗುಡ್ಡದ ಬಗ್ಗೆ ಒಂದು ಸಾಲು ಬರೆದಿಲ್ಲ. ಅದಕ್ಕೊಂದು ಕಾರಣವಿದೆ. ಕೊನೆಗೆ ಹೇಳುತ್ತೇನೆ. ಮೊದಲು ಬಸ್ಸು ಹತ್ತಿ!

ನಮ್ಮ ಕಡೆ ಕಾಡಿಲ್ಲ, ಒಪ್ಪಿದೆ. ಇರೋದು ಕಲ್ಲು. ಆದರೆ ಸ್ವಾಮಿ, ಕ್ಯಾಮರಾಕ್ಕೆ ಕಲ್ಲು ಎಂದಾದರೂ ಬೇಡವಾಗಿದೆಯೇ? 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದಾಗ ನಮ್ಮ ರಾಮಾಚಾರಿ ಅಲೆದದ್ದು ಚಿತ್ರದುರ್ಗದ ಬಂಡೆಗಳ ಮೇಲೆ. 1975ರ 'ಶೋಲೆ'ಯಲ್ಲಿ ಗಬ್ಬರ್ ಸಿಂಗ್ ಅಬ್ಬರಿಸಿದ್ದು ರಾಮನಗರದ ಬಂಡೆಗಳ ನಡುವೆ. ಮಸ್ಕಿಯ ಗುಡ್ಡವೂ ಅವುಗಳ ನೆಂಟನೇ.

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ವಗ್ಗರಣಿ, ಎರಡು ಮಿರ್ಚಿ ತಿಂದು, ಲಿಂಗಸುಗೂರು ಬೋರ್ಡಿನ ಬಸ್ಸಿಗೆ ಕಾದು ನಿಂತೆ. ಆ ಬಸ್ಸುಗಳು ಮಸ್ಕಿ ಮೇಲೆಯೇ ಹೋಗುತ್ತವೆ. ಹೆಂಗಸರಿಗಂತೂ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಕಿಟಕಿಯಾಚೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ಪಕ್ಕದಲ್ಲಿ ಕೂತ ಅಜ್ಜಿ ಕೇಳಿದಳು:

"ಎಲ್ಲಿಗೆ ಹೊಂಟಿ ತಮ್ಮಾ?"

"ಮಸ್ಕಿ ಗುಡ್ಡ ಹತ್ತಾಕ, ಯವ್ವಾ."

"ಹರಕಿ ಏನರ ಹೊತ್ತಿಯೇನು?"

"ಇಲ್ಲಬೇ, ಸುಮ್ಮನ."

"ಸುಮ್ಮನ ಯಾರರ ಗುಡ್ಡ ಹತ್ತತಾರೇನಪಾ!" ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕರೆ ನಗಲಿ ಬಿಡಿ. ಬೆಟ್ಟ ಅಂದರೆ ದೇವರಿಗೆ, ಇಲ್ಲವೇ ದುಡ್ಡಿದ್ದವರಿಗೆ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದೇವಲ್ಲ!

ಮಸ್ಕಿಯಲ್ಲಿ ಇಳಿದರೆ ಗುಡ್ಡವನ್ನು ಹುಡುಕಬೇಕಿಲ್ಲ, ಅದೇ ನಿಮ್ಮನ್ನು ನೋಡುತ್ತಾ ನಿಂತಿರುತ್ತದೆ. "ಅಶೋಕನ ಶಾಸನ" ಅಂದರೆ ಯಾರೂ ದಾರಿ ತೋರಿಸುತ್ತಾರೆ. ದುರ್ಗದ ಗುಡ್ಡ ಅಂತ ಅದರ ಹೆಸರು. ಬಂಡೆಗಳ ಆಸರೆಯಲ್ಲಿ ಒಂದು ಗವಿಯಂಥ ಜಾಗ. ಅಲ್ಲಿದೆ ಶಾಸನ.

ಈಗ ಒಂದು ಕಥೆ ಕೇಳಿ. ಒಂದು ಪಿಕ್ಚರು. ಊರೂರಲ್ಲಿ ಅದರ ಪೋಸ್ಟರು. ಆದರೆ ಪೋಸ್ಟರಿನಲ್ಲಿ ಹೀರೋನ ಬಿರುದು ಮಾತ್ರ, ಹೆಸರಿಲ್ಲ! ಅಶೋಕನ ಸಂಗತಿ ಹಾಗೇ ಆಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಆದರೆ ದೇಶದ ಬಂಡೆ ಕಂಬಗಳ ಮೇಲೆಲ್ಲ 'ದೇವಾನಾಂಪಿಯ ಪಿಯದಸಿ', ಅಂದರೆ ದೇವರಿಗೆ ಪ್ರಿಯನಾದವನು ಎಂಬಂಥ ಬಿರುದುಗಳೇ. ಇವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಆಧಾರದಿಂದ ಪಂಡಿತರು ಹೇಳಿದ್ದರು. ಕಲ್ಲು ಮಾತ್ರ ಬಾಯಿ ಬಿಟ್ಟಿರಲಿಲ್ಲ.

1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತಾ ಈ ಕಡೆ ಬಂದ. ಇದು ಚಿನ್ನದ ಸೀಮೆ, ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಾರೆ. ಅವನ ಕಣ್ಣಿಗೆ ಬಿದ್ದದ್ದು ಈ ಅಕ್ಷರಗಳು. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಬಿರುದಿನ ಜೊತೆಯಲ್ಲೇ ಸ್ಪಷ್ಟವಾಗಿ ಹೆಸರು: ಅಶೋಕ! ಅಶೋಕನದೇ ಶಾಸನಗಳಲ್ಲಿ ಆ ಹೆಸರು ಸಿಕ್ಕದ್ದು ಅದೇ ಮೊದಲು. ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂಗಳಲ್ಲಿ ಸಿಕ್ಕದ್ದು ಆಮೇಲೆ. 2001ರಲ್ಲಿ ಶಾರುಖ್ ಖಾನ್ ಅಶೋಕನಾಗಿ ಕತ್ತಿ ಹಿಡಿದು ಬಂದನಲ್ಲ, ಆ ಪಾತ್ರದ ಹೆಸರಿಗೆ ಮಸ್ಕಿಯ ಕಲ್ಲೇ ಸಾಕ್ಷಿ!

ಇಷ್ಟೇ ಆಗಿದ್ದರೆ ಇತಿಹಾಸದ ಮೇಷ್ಟ್ರು ಸಾಕಾಗಿತ್ತು, ನಾನ್ಯಾಕೆ? ಆ ಶಾಸನದಲ್ಲಿ ಇನ್ನೊಂದು ಮಾತಿದೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಮೇಲೇರಬಲ್ಲ, ಇದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ ಎಂಬ ಅರ್ಥದ ಮಾತು. ಸಿಂಧನೂರಿನ ಮಿತ್ರರೇ, ನಿಮ್ಮ ಕಾಗದಕ್ಕೆ ಚಕ್ರವರ್ತಿಯೇ ಉತ್ತರ ಬರೆದಿಟ್ಟಿದ್ದಾನೆ, ನೋಡಿ!

ಮಸ್ಕಿಯಲ್ಲೇ ಮಲ್ಲಿಕಾರ್ಜುನನ ಬೆಟ್ಟವೂ ಇದೆ. ಗುಡಿಯವರೆಗೆ ಭಕ್ತರ ಜೊತೆ ಹತ್ತಿ, ಬಂಡೆಯ ಮೇಲೆ ಕೂತು ರೊಟ್ಟಿ ಬುತ್ತಿ ಬಿಚ್ಚಿ. ಕೆಳಗೆ ಊರು, ಅದರಾಚೆ ಹೊಲಗಳು. ಗಾಳಿಗೆ ಕಾಸಿಲ್ಲ.

ಇನ್ನೂ ಕಾಲಲ್ಲಿ ಬಲ ಉಳಿದಿದ್ದರೆ ಲಿಂಗಸುಗೂರಿಗೆ ಬಸ್ಸು ಹಿಡಿಯಿರಿ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸುಮಾರು 16 ಕಿ.ಮೀ. ಹೋದರೆ ಮುದಗಲ್ಲ ಕೋಟೆ. ಅದರದ್ದೂ ಒಂದು ಭರ್ಜರಿ ಕಥೆ. ಮುದಗಲ್ಲಿನ ಅಕ್ಕಸಾಲಿಗನ ಮಗಳು, ರೂಪವತಿ. ಅವಳಿಗಾಗಿ ವಿಜಯನಗರದ ದೇವರಾಯ ಸೈನ್ಯವನ್ನೇ ಕಳಿಸಿದ. ಸೈನ್ಯ ಬರುವಷ್ಟರಲ್ಲಿ ಹುಡುಗಿಯ ಮನೆಯವರು ಊರೇ ಬಿಟ್ಟಿದ್ದರು. ಅದೇ ನೆಪವಾಗಿ 1406ರಲ್ಲಿ ಫಿರೋಜ್ ಷಾ ಬಹಮನಿ ಯುದ್ಧಕ್ಕೆ ಬಂದ. ಕೊನೆಗೆ ಹುಡುಗಿ ಸುಲ್ತಾನನ ಮಗನ ಕೈಹಿಡಿದಳು. ಬರೆದವನು ಫಿರಿಷ್ತಾ, ಅದೂ ಇನ್ನೂರು ವರ್ಷ ಕಳೆದ ಮೇಲೆ. ಎಷ್ಟು ನಿಜ, ಎಷ್ಟು ಮಸಾಲೆ ಅಂತ ಪಂಡಿತರು ಜಗಳಾಡಲಿ. ನಮಗಂತೂ ಫುಲ್ ಪಿಕ್ಚರು!

ಮೂರು ಕಿವಿಮಾತು. ನವೆಂಬರಿನಿಂದ ಜನವರಿಯೊಳಗೆ ಹೋಗಿ, ಬೇಸಿಗೆಯಲ್ಲಿ ಈ ಬಂಡೆಗಳು ರೊಟ್ಟಿ ಹಂಚು. ನೀರು ಹೊತ್ತುಕೊಂಡೇ ಹತ್ತಿ. ಇಳಿದ ಕೂಡಲೇ ವಾಪಸು ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ.

ಇನ್ನು ನನ್ನ ಕಾರಣ.

ಪಿಯುಸಿ ಓದುವಾಗ ಒಂದು ದಿನ ಕ್ಲಾಸಿಗೆ ಚಕ್ಕರ್ ಹೊಡೆದು ನಾನೂ ನನ್ನ ಗೆಳೆಯನೂ ಮಸ್ಕಿ ಗುಡ್ಡ ಹತ್ತಿದ್ದೆವು. ಅವನು ಅಂಗಡಿ ಬೋರ್ಡು ಬರೆಯುವವನ ಹತ್ತಿರ ಕೈಕೆಲಸಕ್ಕಿದ್ದ. ಚೀಲದಲ್ಲಿ ಕೆಂಪು ಬಣ್ಣದ ಡಬ್ಬಿ ಇತ್ತು. ಶಾಸನದಿಂದ ದೂರ, ಮೇಲಿನ ಒಂದು ಬಂಡೆಯ ಮೇಲೆ ನಮ್ಮ ಮೆಚ್ಚಿನ ಹೀರೋನ ಹೆಸರು, ಅದರ ಕೆಳಗೆ ನಮ್ಮಿಬ್ಬರ ಹೆಸರು ಬರೆದೆವು. ಅಕ್ಷರ ಮುತ್ತಿನ ಹಾಗಿದ್ದವು. ಆ ವರ್ಷವೇ ಮಳೆ ಕೈಕೊಟ್ಟಿತು. ಗೆಳೆಯನ ಮನೆಯವರು ಬೆಂಗಳೂರಿಗೆ ಗುಳೆ ಹೋದರು, ಅವನೂ ಹೋದ. ಅಂದಿನಿಂದ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಬಳಿಯುತ್ತಿದ್ದಾನೆ. ನಾನೂ ಕಾಲೇಜು ಬಿಟ್ಟೆ.

ಈ ಸಲ ಆ ಬಂಡೆ ಹುಡುಕಿ ಹೋದೆ. ಬಣ್ಣ ಮಾಸಿದೆ, ಆದರೆ ಓದಲು ಬರುತ್ತದೆ. ಸುತ್ತ ಇನ್ನೂ ಹತ್ತಾರು ಹೆಸರುಗಳು. ನಮ್ಮದನ್ನು ನೋಡಿಯೇ ಉಳಿದವರಿಗೂ ಧೈರ್ಯ ಬಂದಿರಬೇಕು! ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಇದ್ರಾಗ ನಿಂದು ಯಾವ್ದು ತಮ್ಮಾ?" ಅಂದರು. ಬಾಯಿ ಕಟ್ಟಿತು. ಇದೇ ಊರಲ್ಲಿ ಚಕ್ರವರ್ತಿಯೊಬ್ಬ ತನ್ನ ಹೆಸರು ಕೆತ್ತಿಸಿದಾಗ ಜೊತೆಗೆ ಜನಕ್ಕೊಂದು ಮಾತನ್ನೂ ಇಟ್ಟುಹೋದ. ನಾವು ಇಟ್ಟದ್ದು ಬರೀ ಹೆಸರು.

ಟರ್ಪೆಂಟೈನ್ ಬಾಟಲಿ, ಹಳೇ ಬಟ್ಟೆ ಒಯ್ದಿದ್ದೆ. ಹೀರೋ ಹೆಸರು ಒರೆಸಿದೆ, ನನ್ನದು ಒರೆಸಿದೆ. ಗೆಳೆಯನ ಹೆಸರಿಗೆ ಬಂದಾಗ ಕೈ ಓಡಲಿಲ್ಲ. ಅವನ ಊರಲ್ಲಿ ಅವನದು ಅಂತ ಉಳಿದದ್ದು ಅದೊಂದೇ. ಮನೆ ಬಿದ್ದಿದೆ, ಹೊಲ ಮಾರಿ ಆಗಿದೆ. ಅಲ್ಲಿಂದಲೇ ಫೋನು ಮಾಡಿದೆ. ವಿಷಯ ಹೇಳಿದೆ. ಆ ಕಡೆ ಸದ್ದಿಲ್ಲ.

ಆಮೇಲೆ ಕೇಳಿದ, "ಅಕ್ಷರ ಚಂದ ಅದಾವೇನೋ ಇನ್ನ?"

"ಚಂದ ಅದಾವ."

"ಅಳಿಸಿಬಿಡೋ. ಎಳ್ಳಮಾಸಿಗೆ ನಾನ ಬಂದು ಹತ್ತತೀನಿ."

ಅಳಿಸಿದೆ. ಕಲ್ಲಿನ ಮೇಲೆ ತೆಳುವಾಗಿ ಒಂದು ಕೆಂಪು ಕಲೆ ಉಳಿದಿದೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಸಿಂಧನೂರಿನ ಮಿತ್ರರೇ, ನೀವೂ ಎಳ್ಳಮಾಸಿಯ ದಿನ ಮಸ್ಕಿಗೆ ಬನ್ನಿ. ಮೂವರೂ ಸೇರಿ ಹತ್ತೋಣ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ನಿಮ್ಮದು, ನೀರು ನನ್ನದು. ಬಣ್ಣದ ಡಬ್ಬಿ ಮಾತ್ರ ಯಾರೂ ತರೋದು ಬೇಡ!

ಮುಂದಿನ ವಾರ ಇನ್ನೊಂದು ಬಸ್ಸು, ಇನ್ನೊಂದು ಗುಡ್ಡ. ಅಲ್ಲಿಯವರೆಗೆ, ರೈಟ್ ರೈಟ್!